ಆಯಾಳ ಮಾತು, ವೈದ್ಯರ ಕಿವಿ

ಅರವತ್ತಕ್ಕೆ ಅರಳುಮರಳು ಎಂಬ ಮಾತು ನಮ್ಮಲ್ಲಿ ಎಷ್ಟು ಬಳಕೆಯಲ್ಲಿದೆಯೆಂದರೆ, ಮುದುಕರಿಗೆ ಬಂದ ರೋಗವನ್ನೂ ನಾವು ಅದರ ಲೆಕ್ಕಕ್ಕೇ ಬರೆದುಬಿಡುತ್ತೇವೆ. ಆ ಲೆಕ್ಕ ಎಲ್ಲಿ ತಪ್ಪುತ್ತದೆಂಬುದನ್ನು ತಿಳಿಯಲು ಓದುಗರು ಒಂದು ಸಂದರ್ಭವನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಚನ್ನರಾಯಪಟ್ಟಣದ ಕಡೆಯ ಒಂದು ವೃದ್ಧಾಶ್ರಮ. ಅಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ. ರಕ್ತದೊತ್ತಡದ ಮಾತ್ರೆ ಹಾಸನದ ವೈದ್ಯರದು. ನಿದ್ರೆಯ ಗುಳಿಗೆ, ವಾರಕ್ಕೊಮ್ಮೆ ಬಂದುಹೋಗುವ ಊರಿನ ವೈದ್ಯರದು. ಬೆಂಗಳೂರಿನ ಮಗ ಶನಿವಾರದ ರೈಲಿನಲ್ಲಿ ಬರುತ್ತಾನೆ. (೨೦೧೭ರಲ್ಲಿ ಕುಣಿಗಲ್ ಮಾರ್ಗ ಪೂರ್ಣಗೊಂಡ ಮೇಲೆ ಬಂದ ಸುಖವಿದು.) ತಾಯಿ ಸೀನುವುದನ್ನು ಕಂಡು ಅಂಗಡಿಯಿಂದ ನೆಗಡಿಯ ಮಾತ್ರೆ ತಂದುಕೊಡುತ್ತಾನೆ. ಮೂವರ ಉದ್ದೇಶವೂ ಒಳ್ಳೆಯದೇ. ಒಬ್ಬರ ಚೀಟಿಯನ್ನು ಇನ್ನೊಬ್ಬರು ನೋಡಿಲ್ಲ, ಅಷ್ಟೆ. ಮಂಗಳವಾರದ ಹೊತ್ತಿಗೆ ಅಜ್ಜಿ ಎಂದೋ ತೀರಿಕೊಂಡ ತಂಗಿಯನ್ನು ಕೂಗಿ ಕರೆಯುತ್ತಾರೆ. ವೈದ್ಯರು ಬಂದು “ವಯಸ್ಸಾಯಿತು” ಎನ್ನುತ್ತಾರೆ. ನಿದ್ರೆಯ ಗುಳಿಗೆ ಇನ್ನೊಂದು ಹೆಚ್ಚುವುದರಲ್ಲಿದೆ. ಆಗ ಬಾಗಿಲ ಬಳಿ ನಿಂತ ಆಯಾ ಅಳುಕುತ್ತ, “ಡಾಕ್ಟ್ರೇ, ಅಜ್ಜಿ ನಿನ್ನೆ ಮಧ್ಯಾಹ್ನದಿಂದ ಒಂದಕ್ಕೇ ಹೋಗಿಲ್ಲ. ಭಾನುವಾರ ಗಂಟ ಚೆನ್ನಾಗೇ ಇದ್ರು” ಎನ್ನುತ್ತಾಳೆ.

ರೋಗದ ಮೂಲ ಆ ಮಾತಿನಲ್ಲಿದೆ. ನೆಗಡಿಯ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮಿನ್‌ನಂತಹ ಔಷಧಿ ಎಳೆಯರಿಗೆ ತೂಕಡಿಕೆ ತಂದು ಸುಮ್ಮನಾದೀತು. ಮುದುಕರಲ್ಲಿ ಮೂತ್ರ ಕಟ್ಟಬಹುದು, ಬುದ್ಧಿ ಭ್ರಮಿಸಬಹುದು. ವಯಸ್ಸಿನೊಡನೆ ಯಕೃತ್ತು, ಮೂತ್ರಪಿಂಡಗಳ ಕೆಲಸ ನಿಧಾನವಾಗುವುದರಿಂದ ಎಷ್ಟೋ ನಿದ್ರೆಯ ಗುಳಿಗೆಗಳೂ ಮೈಯಲ್ಲಿ ಬಹುಕಾಲ ಉಳಿಯುತ್ತವೆ. ಅಮೆರಿಕದ ಮಾರ್ಕ್ ಬಿಯರ್ಸ್ ಎಂಬ ವೈದ್ಯರು ಸಹೋದ್ಯೋಗಿಗಳೊಡನೆ ೧೯೯೧ರಲ್ಲಿ, ವೃದ್ಧರಿಗೆ ಸಲ್ಲದ ಔಷಧಿಗಳ ಪಟ್ಟಿಯನ್ನು ಪ್ರಕಟಿಸಿದುದು ಶುಶ್ರೂಷಾಲಯಗಳ ನಿವಾಸಿಗಳನ್ನೇ ಕಣ್ಣಮುಂದಿಟ್ಟುಕೊಂಡು. ಈ ಎರಡು ಬಗೆಯವೂ ಇಂದು ಆ ಪಟ್ಟಿಯಲ್ಲಿವೆ.

ಇದಕ್ಕೂ ಬಹಳ ಹಿಂದೆ, ೧೯೩೫ರಲ್ಲಿ, ಲಂಡನ್ನಿನ ವೆಸ್ಟ್ ಮಿಡಲ್‌ಸೆಕ್ಸ್ ಆಸ್ಪತ್ರೆಯ ಮಾರ್ಜರಿ ವಾರನ್ ಎಂಬ ವೈದ್ಯೆ ಬಡವರ ಆಶ್ರಯಗೃಹದ ಏಳುನೂರಕ್ಕೂ ಮಿಕ್ಕ ರೋಗಿಗಳ ಹೊಣೆ ಹೊತ್ತರು. ಹಾಸಿಗೆ ಹಿಡಿದವರೆಂದು ಎಲ್ಲರೂ ಕೈಬಿಟ್ಟಿದ್ದವರನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸಿ, ದಾದಿಯರನ್ನೂ ಅಂಗಸಾಧನೆ ಮಾಡಿಸುವವರನ್ನೂ ತಮ್ಮೊಡನೆ ಕೂಡಿಸಿಕೊಂಡು, ಎಷ್ಟೋ ಮಂದಿಯನ್ನು ಎಬ್ಬಿಸಿ ನಡೆಸಿ ಮನೆಗೆ ಕಳುಹಿಸಿದರು.

ನಮ್ಮಲ್ಲಿ ಸೌಕರ್ಯಕ್ಕೆ ತೀರ ಬಡತನವಿಲ್ಲ. ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಮಿಷನ್ನಿನವರ ಕಾಲದ ರೆಡ್‌ಫರ್ನ್ ಆಸ್ಪತ್ರೆಯಿದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಪ್ರತ್ಯೇಕ ಸಾಲಿರಬೇಕೆಂದು ೨೦೦೭ರ ಕಾಯಿದೆ ವಿಧಿಸಿದೆ. ಆ ಸಾಲಿನಲ್ಲಿ ಅಜ್ಜಿಯ ತೋಳು ಹಿಡಿದು ನಿಂತವಳ ಮಾತನ್ನು ಕೇಳಬೇಕೆಂದು ಯಾವ ಕಾಯಿದೆ ವಿಧಿಸೀತು?

ಬೇಕಾದುದು ಒಂದು ನೋಟುಪುಸ್ತಕ. ಊಟ, ನೀರು, ನಿದ್ರೆ, ಮಲಮೂತ್ರ, ಬಿದ್ದದ್ದು, ಎದ್ದದ್ದು; ಯಾವ ಮಾತ್ರೆ, ಯಾರು ಕೊಟ್ಟದ್ದು, ಎಂದಿನಿಂದ. ಓದುಬರಹವರಿಯದ ಆಯಾಳ ಮಾತನ್ನು ನರ್ಸಮ್ಮ ಬರೆದುಕೊಳ್ಳಬಹುದು. ವೈದ್ಯರು ನಾಡಿ ಹಿಡಿಯುವ ಮುನ್ನ ಅದನ್ನೋದಿ ರುಜು ಹಾಕಬೇಕು. ತೊಡಕಿರುವುದು ಪುಸ್ತಕದಲ್ಲಲ್ಲ. ವೈದ್ಯರೆದುರು ಬಾಯಿಬಿಡುವುದು ಅಧಿಕಪ್ರಸಂಗವೆಂದು ಆಯಾ ಎಣಿಸಿದ್ದಾಳೆ. ಎಷ್ಟೋ ವೈದ್ಯರೂ ಹಾಗೆಯೇ ಎಣಿಸಿದ್ದಾರೆ. ಹೊರಗೆ ಕಾದುಕುಳಿತ ರೋಗಿಗಳ ಗುಂಪನ್ನು ನೆನೆದರೆ ಅವರನ್ನೂ ಪೂರ್ತಿ ದೂರುವಂತಿಲ್ಲ.

ನಮ್ಮ ಅಜ್ಜಿಯ ವೈದ್ಯರು ಬಾಗಿಲ ಕಡೆ ತಿರುಗಿ ನೋಡಿದರೆನ್ನೋಣ. ನಳಿಕೆಯಿಂದ ಮೂತ್ರ ತೆಗೆದು, ನೆಗಡಿಯ ಮಾತ್ರೆ ನಿಲ್ಲಿಸಿ, ನಿದ್ರೆಯ ಗುಳಿಗೆಯನ್ನು ಮೆಲ್ಲನೆ ಇಳಿಸಿದರೆ, ಕೆಲವು ದಿನಗಳಲ್ಲಿ ಅಜ್ಜಿ ಆಯಾಳನ್ನು ಹೆಸರು ಹಿಡಿದು ಕರೆದು ಕಾಫಿ ಕೇಳಿಯಾರು. ಆದರೆ ಆ ಮಂಗಳವಾರ ಆಯಾಳಿಗೆ ರಜೆಯಿದ್ದು, ಪುಸ್ತಕವೂ ಇಲ್ಲದಿದ್ದರೆ, ಗುಳಿಗೆ ಇನ್ನೊಂದು ಹೆಚ್ಚುತ್ತಿತ್ತು.