ಬಾಗಲಕೋಟೆ ಜಿಲ್ಲೆಯ ಪಾರಂಪರಿಕ ಊರುಗಳ ಪ್ರವಾಸ

ಬಾಗಲಕೋಟೆ ಜಿಲ್ಲೆಯ ಬಾದಾಮಿ, ಪಟ್ಟದಕಲ್ಲು ಮತ್ತು ಐಹೊಳೆ ಚಾಲುಕ್ಯರ ವಾಸ್ತುಶಿಲ್ಪಕ್ಕೆ ಹೆಸರಾದ ಊರುಗಳು. ಸಮೀಪದ ಗುಳೇದಗುಡ್ಡ ಮತ್ತು ಇಳಕಲ್ಲ ನೇಯ್ಗೆಗೆ, ಹುನಗುಂದ ತಾಲ್ಲೂಕಿನ ಅಮೀನಗಡ ಸಿಹಿತಿನಿಸಿಗೆ ಪ್ರಸಿದ್ಧವಾಗಿವೆ.

ವೀಕ್ಷಣೀಯ ಸ್ಥಳಗಳು

ಬಾದಾಮಿಯಲ್ಲಿ ಮರಳುಗಲ್ಲಿನ ಬೆಟ್ಟವನ್ನು ಕೊರೆದು ಮಾಡಿದ ನಾಲ್ಕು ಗುಹಾಲಯಗಳಿವೆ. ಮೂರನೆಯದರಲ್ಲಿ ಮಂಗಳೇಶನ ಕ್ರಿ.ಶ. 578ರ ಶಾಸನವಿದೆ. ಮಲಪ್ರಭಾ ದಂಡೆಯ ಪಟ್ಟದಕಲ್ಲಿನ ದೇವಾಲಯ ಸಮೂಹವು 1987ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಐಹೊಳೆಯ ಮೇಗುತಿ ಜಿನಾಲಯದಲ್ಲಿ ಇಮ್ಮಡಿ ಪುಲಕೇಶಿಯನ್ನು ಕುರಿತು ರವಿಕೀರ್ತಿ ರಚಿಸಿದ ಕ್ರಿ.ಶ. 634ರ ಶಾಸನವಿದೆ. ಇಲ್ಲಿನ ಹಲವು ಗುಡಿಗಳು ಮನೆಗಳ ನಡುವೆಯೇ ಇವೆ. ಲಾಡ್ ಖಾನ್ ಗುಡಿಗೆ ಹಿಂದೆ ಅದರಲ್ಲಿ ವಾಸವಾಗಿದ್ದವನ ಹೆಸರೇ ಉಳಿದಿದೆ.

ಆಹಾರ

ಬಾದಾಮಿ ಸಮೀಪದ ಬನಶಂಕರಿ ದೇವಸ್ಥಾನದ ಬಳಿ ಮಹಿಳೆಯರು ಬುಟ್ಟಿಗಳಲ್ಲಿ ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ ಮತ್ತು ಮೊಸರನ್ನು ತಂದು ಬಡಿಸುತ್ತಾರೆ. ಅಂಟು, ಬೆಲ್ಲ ಮತ್ತು ಒಣಹಣ್ಣುಗಳಿಂದ ಮಾಡುವ ಕರದಂಟು ಅಮೀನಗಡದ ವಿಶೇಷ ತಿನಿಸು.

ಖರೀದಿ

ಇಳಕಲ್ಲ ಸೀರೆ ಮತ್ತು ರವಿಕೆಗೆ ಬಳಸುವ ಗುಳೇದಗುಡ್ಡ ಖಣ ಭೌಗೋಳಿಕ ಸೂಚಕ ಮಾನ್ಯತೆ ಪಡೆದಿವೆ. ಇಳಕಲ್ಲ ಸೀರೆಯ ಒಡಲು ಮತ್ತು ಸೆರಗಿನ ಹಾಸುಗಳನ್ನು ಬೇರೆಬೇರೆಯಾಗಿ ಸಿದ್ಧಪಡಿಸಿ, ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಪ್ರತಿ ಸೀರೆಗೂ ಹೀಗೆ ಹೊಸದಾಗಿ ಹಾಸು ಹೂಡಬೇಕಾಗುವುದರಿಂದ ಶ್ರಮ ಹೆಚ್ಚು. ವಿದ್ಯುತ್ ಮಗ್ಗದ ಅಗ್ಗದ ಅನುಕರಣೆಗಳ ಪೈಪೋಟಿಯಿಂದ ಕೈಮಗ್ಗದ ನೇಕಾರರಿಗೆ ಈ ಶ್ರಮಕ್ಕೆ ತಕ್ಕ ಬೆಲೆ ದೊರೆಯುವುದು ಕಷ್ಟವಾಗಿದೆ. ಕೈಮಗ್ಗದ ಸೀರೆಯನ್ನು ಗುರುತಿಸಲು ಕೊಳ್ಳುವವರು ಕೈಮಗ್ಗ ಮುದ್ರೆಯ ಚೀಟಿಯನ್ನು ನೋಡಬಹುದು. ನೇಕಾರರ ಸಹಕಾರ ಸಂಘಗಳಲ್ಲಿಯೂ ಖರೀದಿಸಬಹುದು.