ಲಾಯ್ ತಾಯ್: ವಿಧವೆ ದೆವ್ವದ ನಂಬಿಕೆ ಮತ್ತು ಹೃದಯದ ವಿದ್ಯುತ್ ವ್ಯತ್ಯಯ

ಜನಪದ ನಂಬಿಕೆಗಳನ್ನು ಮೌಢ್ಯವೆಂದು ತಳ್ಳಿಹಾಕುವುದು ಒಂದು ಅತಿ. ಆಧುನಿಕ ವಿಜ್ಞಾನವೆಲ್ಲ ಅವುಗಳಲ್ಲಿಯೇ ಅಡಗಿದೆಯೆಂದು ಸಾರುವುದು ಇನ್ನೊಂದು ಅತಿ. ಇವೆರಡರ ನಡುವಿನ ದಾರಿ ಯಾವುದೆಂಬುದನ್ನು ತಿಳಿಯಲು ಈಶಾನ್ಯ ಥಾಯ್ಲೆಂಡಿನ ‘ಲಾಯ್ ತಾಯ್’ ಒಂದು ಉತ್ತಮ ನಿದರ್ಶನವಾಗಿದೆ.

ಲಾಯ್ ತಾಯ್ ಎಂದರೆ ನಿದ್ರೆಯಲ್ಲಿ ಬರುವ ಸಾವು. ಹಗಲೆಲ್ಲ ದುಡಿದು ಉಂಡು ಮಲಗಿದ ಆರೋಗ್ಯವಂತ ಯುವಕ ನಡುರಾತ್ರಿ ನರಳಿ, ಏದುಸಿರುಬಿಟ್ಟು, ಬೆಳಗಾಗುವುದರೊಳಗೆ ಹೆಣವಾಗಿರುತ್ತಾನೆ. ವಿಧವೆಯ ದೆವ್ವವೊಂದು ಗಂಡನನ್ನು ಅರಸಿ ಬಂದು ಗಂಡಸರನ್ನು ಒಯ್ಯುತ್ತದೆ ಎಂಬುದು ಅಲ್ಲಿನ ಜನರ ವಿವರಣೆ. ಅದನ್ನು ವಂಚಿಸಲು ಗಂಡಸರು ರಾತ್ರಿ ಹೆಣ್ಣುಡುಗೆ ತೊಟ್ಟು, ಉಗುರಿಗೆ ಬಣ್ಣ ಹಚ್ಚಿಕೊಂಡು ಮಲಗುವುದುಂಟು. ಮನೆಯ ಮುಂದೆ ಮರದ ಲಿಂಗಾಕೃತಿಯನ್ನು ತೂಗುಹಾಕುವುದೂ ಉಂಟು. ಇಂತಹ ಸಾವನ್ನು ಫಿಲಿಪ್ಪೀನ್ಸಿನಲ್ಲಿ ‘ಬಂಗುಂಗೊಟ್’ ಎಂದೂ ಜಪಾನಿನಲ್ಲಿ ‘ಪೊಕ್ಕುರಿ’ ಎಂದೂ ಕರೆಯುತ್ತಾರೆ. ಲಾವೋಸಿನಿಂದ ಅಮೆರಿಕಕ್ಕೆ ವಲಸೆ ಹೋದ ಹ್ಮಾಂಗ್ ಸಮುದಾಯದಲ್ಲಿ 1977ರಿಂದ ಇಂತಹ ಸಾವುಗಳು ಕಾಣಿಸಿಕೊಂಡು, 1981ರಲ್ಲಿ ಅಲ್ಲಿನ ಆರೋಗ್ಯ ಇಲಾಖೆಯ ಗಮನ ಸೆಳೆದವು. ಶವಪರೀಕ್ಷೆಯಲ್ಲಿ ಸಾವಿಗೆ ಸಾಕಾಗುವ ಯಾವ ದೋಷವೂ ಕಾಣುತ್ತಿರಲಿಲ್ಲ.

ಇದಕ್ಕೆ ಕಾರಣವಿದೆ. ದೋಷವಿದ್ದುದು ಮುಖ್ಯವಾಗಿ ಹೃದಯದ ರಚನೆಯಲ್ಲಲ್ಲ, ಅದರ ವಿದ್ಯುತ್ ಚಟುವಟಿಕೆಯಲ್ಲಿ. ಹೃದಯ ನಿಂತೊಡನೆ ಆ ಚಟುವಟಿಕೆಯೂ ಕಣ್ಮರೆಯಾಗುತ್ತದೆ. ಹೃದಯದ ಸ್ನಾಯುಕೋಶವು ಸಂಕುಚಿಸಬೇಕಾದರೆ ಅದರ ಪೊರೆಯಲ್ಲಿರುವ ಸೂಕ್ಷ್ಮ ದ್ವಾರಗಳ ಮೂಲಕ ಸೋಡಿಯಂ ಕಣಗಳು ರಭಸವಾಗಿ ಒಳನುಗ್ಗಬೇಕು. ಈ ಒಳಹರಿವು ದುರ್ಬಲವಾದಾಗ, ವಿಶೇಷವಾಗಿ ಬಲ ಹೃತ್ಕುಕ್ಷಿಯಿಂದ ರಕ್ತ ಹೊರಹೋಗುವ ಭಾಗದಲ್ಲಿ, ವಿದ್ಯುತ್ ಅಲೆಯ ಕ್ರಮ ಕೆಡುತ್ತದೆ. ಆಗ ಹೃತ್ಕುಕ್ಷಿಗಳು ಒಟ್ಟಾಗಿ ಸಂಕುಚಿಸದೆ ಬರಿದೇ ಅದುರತೊಡಗುತ್ತವೆ. ರಕ್ತ ಚಲಿಸದು, ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಮನೆಯವರು ಕೇಳುವ ನರಳಾಟ ಈ ಸ್ಥಿತಿಯ ಏದುಸಿರೇ ಆಗಿದೆ. ನಿದ್ರೆಯಲ್ಲಿ ಹೃದಯದ ಗತಿ ನಿಧಾನವಾಗುವುದು ಮತ್ತು ಜ್ವರ ಬರುವುದು ಈ ಅಪಾಯವನ್ನು ಹೆಚ್ಚಿಸುತ್ತವೆ.

ಪೆದ್ರೊ ಮತ್ತು ಜೋಸೆಪ್ ಬ್ರುಗಾಡಾ ಸಹೋದರರು 1992ರಲ್ಲಿ ಎಂಟು ರೋಗಿಗಳ ಹೃದಯ ವಿದ್ಯುತ್ ನಕ್ಷೆಯಲ್ಲಿ ಒಂದು ವಿಶಿಷ್ಟ ಗೆರೆಯನ್ನು ಗುರುತಿಸಿದರು. 1997ರಲ್ಲಿ ಕೂಲವೀ ನಡೇಮನೀ ಮತ್ತು ಸಂಗಡಿಗರು ಲಾಯ್ ತಾಯ್‌ನಿಂದ ಬದುಕುಳಿದ ಥಾಯ್ ಪುರುಷರಲ್ಲಿ ಅದೇ ಗೆರೆಯನ್ನು ಕಂಡರು. ಸೋಡಿಯಂ ದ್ವಾರಕ್ಕೆ ಸಂಬಂಧಿಸಿದ ವಂಶವಾಹಿಯ ದೋಷವು ಬ್ರುಗಾಡಾ ರೋಗಿಗಳಲ್ಲಿ 1998ರಲ್ಲಿಯೂ, ಈ ನಿದ್ರಾಮರಣದ ರೋಗಿಗಳಲ್ಲಿ 2002ರಲ್ಲಿಯೂ ಪತ್ತೆಯಾಯಿತು. ಆದರೆ ರೋಗಿಗಳೆಲ್ಲರಲ್ಲಿಯೂ ಈ ದೋಷ ಸಿಗುವುದಿಲ್ಲವೆಂಬುದನ್ನು ಮರೆಯಲಾಗದು.

ಇಲ್ಲಿ ಜಾನಪದ ಸಂಶೋಧಕನು ಗಮನಿಸಬೇಕಾದ ಅಂಶವೊಂದಿದೆ. ಸಾಯುವವರು ಗಂಡಸರು, ಸಾವು ಬರುವುದು ರಾತ್ರಿಯ ನಿದ್ರೆಯಲ್ಲಿ, ಸತ್ತವರು ಆರೋಗ್ಯವಂತರು ಎಂಬ ಮೂರು ಸಂಗತಿಗಳನ್ನು ವಿಧವೆ ದೆವ್ವದ ಕಥೆಯು ವೈದ್ಯಕೀಯ ದಾಖಲೆಗಿಂತ ಮೊದಲೇ ಹಿಡಿದಿಟ್ಟಿತ್ತು. ಹೆಣ್ಣುಡುಗೆಯ ಆಚರಣೆಯ ತರ್ಕವೇ ಈ ವೀಕ್ಷಣೆಯ ಮೇಲೆ ನಿಂತಿದೆ. ಹೀಗೆ ಕಥೆಯ ವೀಕ್ಷಣೆ ಸರಿಯಾಗಿತ್ತು, ಕಾರಣ ತಪ್ಪಾಗಿತ್ತು. ಆಚರಣೆಯು ಭಯವನ್ನು ತಣಿಸಬಲ್ಲದಾದರೂ ಹೃದಯದ ಅದುರುವಿಕೆಯನ್ನು ನಿಲ್ಲಿಸಲಾರದು. ಆ ಕೆಲಸವನ್ನು ಎದೆಯೊಳಗೆ ಅಳವಡಿಸುವ ವಿದ್ಯುತ್ ಆಘಾತ ಸಾಧನ ಮಾಡುತ್ತದೆ. 2003ರಲ್ಲಿ ಪ್ರಕಟವಾದ ಥಾಯ್ಲೆಂಡಿನ ಅಧ್ಯಯನದಲ್ಲಿ ಔಷಧಿ ಪಡೆದವರ ಗುಂಪಿನಲ್ಲಿ 7 ಮಂದಿ ಮೃತಪಟ್ಟರೆ, ಸಾಧನ ಅಳವಡಿಸಿಕೊಂಡವರಲ್ಲಿ ಒಬ್ಬರೂ ಸಾಯಲಿಲ್ಲ.

ನಮ್ಮಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ಹಿಂದಿರುಗಿಸುವ ವಾಡಿಕೆಯ ಆಶಯವು ಥಾಯ್ ಆಚರಣೆಯನ್ನು ಹೋಲುತ್ತದೆ. ಆದರೆ ಆಶಯ ಹೋಲುವುದೆಂಬ ಮಾತ್ರಕ್ಕೆ ಅದರ ಹಿಂದೆಯೂ ಅದೇ ರೋಗವಿದೆಯೆಂದು ತೀರ್ಮಾನಿಸಲಾಗದು. ಅದಕ್ಕೆ ಪ್ರತ್ಯೇಕ ಪುರಾವೆ ಬೇಕು. ಆದುದರಿಂದ ಕ್ಷೇತ್ರಕಾರ್ಯದಲ್ಲಿ ದೆವ್ವದ ಕಥೆಯನ್ನು ದಾಖಲಿಸುವವರು ಸತ್ತವರು ಯಾರು, ಅವರ ವಯಸ್ಸೆಷ್ಟು, ಯಾವ ಹೊತ್ತಿನಲ್ಲಿ ಸತ್ತರು, ಅದೇ ಮನೆತನದಲ್ಲಿ ಹಿಂದೆಯೂ ಹೀಗಾಗಿತ್ತೇ ಎಂಬ ಪ್ರಶ್ನೆಗಳನ್ನು ಕೇಳಿ ಬರೆದುಕೊಳ್ಳುವುದು ಅವಶ್ಯಕ. ರೋಗವು ವಂಶದಲ್ಲಿ ಹರಿಯಬಲ್ಲದಾದ್ದರಿಂದ, ಕೊನೆಯ ಪ್ರಶ್ನೆಗೆ ದೊರೆಯುವ ಉತ್ತರವು ಬದುಕಿರುವ ಮಗನನ್ನೋ ತಮ್ಮನನ್ನೋ ಸಕಾಲದಲ್ಲಿ ವೈದ್ಯರ ಬಳಿಗೆ ಕಳುಹಿಸಬಲ್ಲದು.