ಗಂಡಿಕೋಟೆಯಲ್ಲಿ ಪಿನಾಕಿನಿ

ನಂದಿ ಬೆಟ್ಟಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಕಡಪ ಜಿಲ್ಲೆಯಲ್ಲಿ ಎರ್ರಮಲ ಗುಡ್ಡವನ್ನು ಸೀಳಿ ಹರಿಯುವ ಜಾಗವೇ ಗಂಡಿಕೋಟೆ. ಅಂಗಡಿಗಳಿಗೆ ಬೀಗ ಹಾಕಿ ರಾಯದುರ್ಗದಿಂದ ನಾವು ನಾಲ್ಕು ಮನೆಯವರು ಹೋಗಿದ್ದೆವು. ಜಮ್ಮಲಮಡುಗಿನಿಂದ 15 ಕಿ.ಮೀ. ರಸ್ತೆ, ಕೋಟೆಯೊಳಗೆ ನಡೆದೇ ನೋಡಬೇಕು. ಕಣಜ, ಮಸೀದಿ ದಾಟಿ ಬಂಡೆಗಳನ್ನು ಹತ್ತಿದರೆ ಸುಮಾರು 300 ಅಡಿ ಕೆಳಗೆ ನದಿ. ಎರಡೂ ದಡದ ಕೆಂಗಲ್ಲು ಇಟ್ಟಿಗೆ ಜೋಡಿಸಿದಂತೆ ಪದರಪದರ. ನೀರೇ ಕೊರೆದದ್ದೆಂದರೆ ಮಕ್ಕಳು ನಂಬಲೊಲ್ಲರು! ಅಂಚಿನಲ್ಲಿ ಅವರ ಕೈ ಬಿಡಲೇಬಾರದು.

ಹೆಚ್ಚಿನವರು ಬರುವುದು ಸೂರ್ಯಾಸ್ತ ನೋಡಲು. ರಾತ್ರಿಭೋಜನ ಬಿಟ್ಟ ನಮ್ಮಂಥವರಿಗೆ ಬೆಳಗಿನ ಹೊತ್ತೇ ಅನುಕೂಲ, ಬಂಡೆಯೂ ಕಾದಿರುವುದಿಲ್ಲ. ಮಳೆಗಾಲದಲ್ಲಿ ಕಾಲಡಿಯ ಜೀವಿಗಳು ಹೆಚ್ಚು, ಆದ್ದರಿಂದ ಚಾತುರ್ಮಾಸ ಮುಗಿದ ಮೇಲೆ ಹೊರಡುವುದು ಲೇಸು. ಗಾಳಿಸಿದ ನೀರು, ಬುತ್ತಿ ಮನೆಯಿಂದಲೇ ಒಯ್ದಿದ್ದೆವು. ಅಜ್ಜಿಯಂದಿರು ಬಂಡೆ ಹತ್ತದೆ ಕಣಜದ ನೆರಳಲ್ಲೇ ಕುಳಿತು ನಮಗಾಗಿ ಕಾದರು.